ಪಾಸ್‌ಬುಕ್ಕಿನಲ್ಲಿ ಯಾರ ಸಹಿ?

ಕಳೆದ ತಿಂಗಳು ಮಲೆನಾಡಿನ ಒಂದು ಕಾಲೇಜಿನಲ್ಲಿ ಹೊರದೇಶದ ನೆರವು ಮತ್ತು ಕಾಡು ಎಂಬ ವಿಷಯದ ಮೇಲೆ ಮಾತಾಡಿದ್ದೆ. ಅಂದು ಆಡಿದ ಮಾತನ್ನೇ ಸ್ವಲ್ಪ ಓರಣ ಮಾಡಿ ಇಲ್ಲಿ ಬರೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳೂ ಇವೆ.

ಎಲ್ಲರಿಗೂ ನಮಸ್ಕಾರ.

ಒಂದು ಅಗಳದ ಕಥೆಯಿಂದ ಶುರು ಮಾಡುತ್ತೇನೆ. 1990ರ ದಶಕದಲ್ಲಿ ನಾನು ಒಂದು ಅರಣ್ಯ ಯೋಜನೆಯಲ್ಲಿ ಕೆಲಸ ಮಾಡುತ್ತಿದ್ದೆ. ಹಳ್ಳಿಗೆ ಹೋಗುವುದು, ಸಭೆ ಕರೆಯುವುದು, ಠರಾವು ಬರೆಯಲು ಸಹಾಯ ಮಾಡುವುದು ನನ್ನ ಕೆಲಸ. ಹೊರದೇಶದ ಹಣದ ಯೋಜನೆ ಅದು. ಒಂದೂರಿನಲ್ಲಿ ಗ್ರಾಮ ಅರಣ್ಯ ಸಮಿತಿ ತುಂಬ ಚೆನ್ನಾಗಿ ನಡೆದಿತ್ತು. ಊರ ಪಕ್ಕದ ಬೋಳು ಗುಡ್ಡದ ಸುತ್ತ ಅಗಳ ಹೊಡೆದು, ಸಸಿ ನೆಟ್ಟು, ಸರದಿ ಹಾಕಿಕೊಂಡು ಕಾದಿದ್ದರು. ಮೂರನೇ ಮಳೆಗಾಲದಲ್ಲಿ ಅಗಳದ ಒಂದು ಬದಿ ಕುಸಿಯಿತು. ದನ ಒಳಗೆ ನುಗ್ಗಲು ಅಷ್ಟು ಸಾಕು.

ಸಮಿತಿಯ ಖಾತೆಯಲ್ಲಿ ಹಣ ಇತ್ತು. ನಾಲ್ಕು ಜನ ನಾಲ್ಕು ದಿನ ಕೂಲಿ ಮಾಡಿದರೆ ಮುಗಿಯುವ ಕೆಲಸ. ಆದರೆ ಹಣ ತೆಗೆಯಲು ಎರಡು ಸಹಿ ಬೇಕು. ಒಂದು ಅಧ್ಯಕ್ಷರದು, ಅವರು ಊರಿನವರೇ. ಇನ್ನೊಂದು ಕಾರ್ಯದರ್ಶಿಯದು. ಆಗಿನ ನಿಯಮದಂತೆ ಕಾರ್ಯದರ್ಶಿ ಆಗಬೇಕಾದವರು ಇಲಾಖೆಯ ಫಾರೆಸ್ಟರ್. ಅವರಿಗೆ ಅದೇ ತಿಂಗಳು ವರ್ಗ ಆಗಿತ್ತು. ಹೊಸಬರು ಬರಲು ಮಳೆಗಾಲ ಮುಗಿಯಿತು. ಅಷ್ಟರಲ್ಲಿ ಸಸಿಗಳೂ ಮುಗಿದಿದ್ದವು.

ಆ ಫಾರೆಸ್ಟರ್ ಕೆಟ್ಟವರಾಗಿರಲಿಲ್ಲ. ಹಣ ಕೊಟ್ಟ ದೇಶದವರೂ ಕೆಟ್ಟವರಲ್ಲ. ಊರಿನವರಂತೂ ಮೂರು ವರ್ಷ ಬೆವರು ಸುರಿಸಿದ್ದರು. ಆದರೂ ಗುಡ್ಡ ಮತ್ತೆ ಬೋಳಾಯಿತು. ಆಮೇಲೆ ನಾನು ಯಾವ ಅರಣ್ಯ ಯೋಜನೆಯ ಕಡತ ನೋಡಿದರೂ ಮೊದಲು ಹುಡುಕುವುದು ಒಂದನ್ನೇ. ಹಣ ಎಷ್ಟು ಬಂತು ಎಂಬುದು ನಂತರ. ಪಾಸ್‌ಬುಕ್ಕಿನಲ್ಲಿ ಯಾರ ಸಹಿ ಇದೆ?

ಈಗ ಸ್ವಲ್ಪ ಹಿಂದೆ ಹೋಗೋಣ. 1983ರಲ್ಲಿ ಕರ್ನಾಟಕದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಶುರುವಾಯಿತು. ವಿಶ್ವ ಬ್ಯಾಂಕಿನ ಸಾಲ, ಬ್ರಿಟನ್ನಿನ ನೆರವು ಎರಡೂ ಸೇರಿದ ಯೋಜನೆ. ಉದ್ದೇಶ ಒಳ್ಳೆಯದೇ. ಹಳ್ಳಿಯ ಜನಕ್ಕೆ ಸೌದೆ, ಮೇವು, ಸಣ್ಣಪುಟ್ಟ ಮರಮಟ್ಟು ಊರ ಹತ್ತಿರವೇ ಸಿಗಲಿ, ದೊಡ್ಡ ಕಾಡಿನ ಮೇಲೆ ಭಾರ ಕಡಿಮೆಯಾಗಲಿ ಅಂತ. ನರ್ಸರಿಗಳಿಂದ ಸಸಿ ರಾಶಿ ರಾಶಿ ಹೊರಬಂದವು. ಅದರಲ್ಲಿ ಜಾಸ್ತಿ ನೀಲಗಿರಿ.

ನೀಲಗಿರಿ ನಮಗೆ ಹೊಸದೇನೂ ಆಗಿರಲಿಲ್ಲ. ಟಿಪ್ಪುವಿನ ಕಾಲದಲ್ಲೇ ನಂದಿಬೆಟ್ಟಕ್ಕೆ ಬಂದಿತ್ತು ಎನ್ನುತ್ತಾರೆ. ಅದರ ಒಂದು ತಳಿಗೆ ಮೈಸೂರು ಗಮ್ ಅಂತ ನಮ್ಮ ಹೆಸರೇ ಇದೆ. ಕೋಲಾರದ ಕಡೆ ರಾಗಿ ಹೊಲಗಳೇ ನೀಲಗಿರಿ ತೋಪಾದವು. ಯಾಕೆ ಅಂತ ರೈತರ ಜಾಗದಲ್ಲಿ ನಿಂತು ನೋಡಿ. ರಾಗಿಗೆ ಉಳುಮೆ, ಕಳೆ, ಕೊಯ್ಲು ಅಂತ ಕೂಲಿ ಬೇಕು. ಮಳೆ ಕೈಕೊಟ್ಟರೆ ಎಲ್ಲ ಹೋಯಿತು. ನೀಲಗಿರಿಯನ್ನು ದನ ಮುಟ್ಟುವುದಿಲ್ಲ. ಒಮ್ಮೆ ನೆಟ್ಟು ಬೆಂಗಳೂರಿಗೆ ಹೋಗಿ ಕೂತರೂ ಮರ ಬೆಳೆಯುತ್ತದೆ, ಲಾರಿ ಬಂದು ಹೊತ್ತುಕೊಂಡು ಹೋಗುತ್ತದೆ. ಜಮೀನು ಇದ್ದವರಿಗೆ ಅದು ಸರಿಯಾದ ಲೆಕ್ಕ. ಆದರೆ ಆ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸಿಗೆ ಕೂಲಿ ಹೋಯಿತು. ಮೇವಿಗೆ ಸಿಗುತ್ತಿದ್ದ ರಾಗಿ ಹುಲ್ಲು ಹೋಯಿತು. ಆ ಮರ ಹಳ್ಳಿಯ ಒಲೆಗೆ ಹೋಗಲಿಲ್ಲ, ಕಾರ್ಖಾನೆಗೆ ಹೋಯಿತು.

ಅದೇ 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಇಲಾಖೆಯ ನರ್ಸರಿಗೆ ಮೆರವಣಿಗೆ ಹೋದರು. ನೀಲಗಿರಿ ಸಸಿಗಳನ್ನು ಕಿತ್ತು ಹಾಕಿದರು. ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಊರಿ ಬಂದರು. ನನಗೆ ಈ ಎರಡನೇ ಭಾಗ ತುಂಬ ಮುಖ್ಯ ಅನಿಸುತ್ತದೆ. ಕೀಳುವುದಕ್ಕೆ ಸಿಟ್ಟು ಸಾಕು. ಏನು ನೆಡಬೇಕು ಅಂತ ಗೊತ್ತಿರಬೇಕಾದರೆ ತಲೆಮಾರುಗಳ ಅನುಭವ ಬೇಕು. ಯೋಜನೆ ಬರೆಯುವಾಗ ಅವರನ್ನೊಮ್ಮೆ ಕೇಳಿದ್ದರೆ ಹೇಳುತ್ತಿದ್ದರು, ಅಲ್ವಾ?

ಅದೇ ವರ್ಷ ಸೆಪ್ಟೆಂಬರ್ 8ರಂದು ಶಿರಸಿಯ ಸಲಕಣಿಯಲ್ಲಿ ಕಾಡು ಕಡಿಯುವುದನ್ನು ತಡೆಯಲು ಜನ ಮರ ಅಪ್ಪಿಕೊಂಡು ನಿಂತರು. ಅಪ್ಪಿಕೋ ಚಳವಳಿ ನಿಮಗೆಲ್ಲ ಗೊತ್ತು, ಅದನ್ನು ಇಲ್ಲಿ ಬೆಳೆಸುವುದಿಲ್ಲ. ಮುಂದೆ ನಡೆದ ಒಂದು ಹೋರಾಟದ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಅದರಲ್ಲಿ ಹೊರದೇಶದ ನೆರವು ಒಂದು ಬೇರೆಯೇ ರೂಪದಲ್ಲಿ ಬಂತು.

1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಹುಟ್ಟಿತು. ಸರ್ಕಾರದ ಪಾಲು ಶೇಕಡ 51, ತುಂಗಭದ್ರೆಯ ದಂಡೆಯ ಒಂದು ಖಾಸಗಿ ನಾರಿನ ಕಾರ್ಖಾನೆಯ ಪಾಲು ಶೇಕಡ 49. ಧಾರವಾಡ, ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಜಮೀನಿನಲ್ಲಿ ನೀಲಗಿರಿ ಬೆಳೆದು ಕಾರ್ಖಾನೆಗೆ ಕೊಡುವುದು ಅದರ ಕೆಲಸ. ಕಾಗದದಲ್ಲಿ ಅದು ಸಿ ಮತ್ತು ಡಿ ದರ್ಜೆಯ ಪಾಳು ಭೂಮಿ. ಊರಿನವರ ಲೆಕ್ಕದಲ್ಲಿ ಗೋಮಾಳ, ಹುಲ್ಲು ಬೆಳೆಯುವ ಬೇಣ, ಸೌದೆ ಗುಡ್ಡ. ಯಾರದೂ ಅಲ್ಲದ ಜಾಗ ಅಂತ ಕಚೇರಿ ಬರೆದಿದ್ದು ಊರಿಗೆಲ್ಲ ಸೇರಿದ ಜಾಗವಾಗಿತ್ತು.

ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ, ಅದರ ಎಸ್. ಆರ್. ಹಿರೇಮಠರು ಮತ್ತು ಅವರ ಜೊತೆಗಾರರು ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದರು. ಅರ್ಜಿದಾರರಲ್ಲಿ ಮೊದಲ ಹೆಸರು ಶಿವರಾಮ ಕಾರಂತರದು. ಎಂಬತ್ತರ ಹರೆಯ ದಾಟಿದ ಕಾರಂತರು ಗೋಮಾಳದ ಪರವಾಗಿ ದೆಹಲಿಯ ನ್ಯಾಯಾಲಯದಲ್ಲಿ ಹೆಸರು ಕೊಟ್ಟು ನಿಂತಿದ್ದು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. 1987ರಲ್ಲಿ ಕೋರ್ಟು ತಡೆ ಕೊಟ್ಟಿತು. ಅದೇ ವರ್ಷ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿದರು. ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ಅಂತ ಅದರ ಹೆಸರು. ಆ ಕಡೆಯ ಮಾತಿನಲ್ಲಿ ಸಸಿ ಹಚ್ಚುವುದು ಅಂದರೆ ನೆಡುವುದು. ಲೆಕ್ಕ ಮಾಡಿ ಒಂದು ನೂರು ನೀಲಗಿರಿ ಸಸಿ ಕಿತ್ತು, ಹಣ್ಣು ಮೇವು ಕೊಡುವ ಸಸಿ ಹಚ್ಚಿದರು. ಇಡೀ ತೋಪು ಕೀಳಬಹುದಿತ್ತು. ಕೀಳಲಿಲ್ಲ.

ಇನ್ನು ಹೊರದೇಶದ ಮಾತು. ಆ ಹೊತ್ತಿಗೆ ಬ್ರಿಟನ್ ನಮ್ಮ ಅರಣ್ಯಕ್ಕೆ ಇನ್ನಷ್ಟು ನೆರವು ಕೊಡುವ ಮಾತುಕತೆ ನಡೆದಿತ್ತು. ಸುದ್ದಿ ಅವರಿಗೂ ಮುಟ್ಟಿತು. ಆ ಕಂಪನಿಯನ್ನು ಮುಚ್ಚದೆ ಮುಂದಿನ ಹಣ ಕಷ್ಟ ಎಂಬ ಮಾತು ಅಲ್ಲಿಂದ ಬಂತು. 1991ರಲ್ಲಿ ಕಂಪನಿ ಮುಚ್ಚಿತು.

ಇಲ್ಲಿ ಸ್ವಲ್ಪ ನಿಲ್ಲೋಣ. 1983ರಲ್ಲಿ ನೀಲಗಿರಿ ಸಸಿಗೆ ಹಣ ಕೊಟ್ಟಿದ್ದು ಇದೇ ಬ್ರಿಟನ್. ಕೆಲವೇ ವರ್ಷಗಳಲ್ಲಿ ಊರಿನವರ ಕಡೆಯ ಷರತ್ತು ಹಾಕಿದ್ದೂ ಇದೇ ಬ್ರಿಟನ್. ನಡುವೆ ಬದಲಾಗಿದ್ದೇನು? ಕುಸನೂರಿನ ಜನ ಗುಡ್ಡಕ್ಕೆ ಹೋಗಿದ್ದು, ಕಾರಂತರು ಕೋರ್ಟಿಗೆ ಹೋಗಿದ್ದು. ನೆರವು ಕೊಡುವ ದೇಶಕ್ಕೆ ತನ್ನದೇ ಸಂಸತ್ತು, ತನ್ನದೇ ಪತ್ರಿಕೆಗಳ ಭಯ ಇರುತ್ತದೆ. ಇಲ್ಲಿ ಜನ ದನಿ ಎತ್ತಿದರೆ ಅಲ್ಲಿ ಪ್ರಶ್ನೆ ಏಳುತ್ತದೆ. ನನ್ನ ಮಟ್ಟಿಗೆ ಕರ್ನಾಟಕದ ಕಾಡಿಗೆ ಹೊರಗಿನಿಂದ ಬಂದ ದೊಡ್ಡ ನೆರವುಗಳಲ್ಲಿ ಈ ಷರತ್ತೂ ಒಂದು. ಅದಕ್ಕೆ ಒಂದು ಪೌಂಡೂ ಖರ್ಚಾಗಿಲ್ಲ.

ಆಮೇಲೆ ಬಂದಿದ್ದು ಪಶ್ಚಿಮ ಘಟ್ಟದ ಅರಣ್ಯ ಮತ್ತು ಪರಿಸರ ಯೋಜನೆ. ಬ್ರಿಟನ್ನಿನ ಹಣ, ಮೊದಲು ಉತ್ತರ ಕನ್ನಡಕ್ಕೆ. 1993ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ, ಅಂದರೆ ಊರು ಮತ್ತು ಇಲಾಖೆ ಸೇರಿ ಕಾಡು ನೋಡಿಕೊಳ್ಳುವ, ಆದೇಶ ಹೊರಡಿಸಿತು. ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದ್ದು ಹಾಗೆ. ಇದು ಸಣ್ಣ ಬದಲಾವಣೆ ಅಲ್ಲ. ಅದುವರೆಗೆ ಅರಣ್ಯ ಗಾರ್ಡ್‌ನನ್ನು ಕಂಡರೆ ಸೌದೆ ಹೊರೆ ಬಿಸಾಕಿ ಓಡುತ್ತಿದ್ದ ಹೆಂಗಸರು ರೇಂಜರ್ ಎದುರು ಕುರ್ಚಿಯಲ್ಲಿ ಕೂತು ಮಾತಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಷ್ಟೋ ಅಧಿಕಾರಿಗಳು ಮನಸ್ಸಿಟ್ಟು ಕಲಿತರು. ಆ ಕಾಲವನ್ನು ಸುಮ್ನೆ ತಳ್ಳಿ ಹಾಕಲು ನನಗೆ ಆಗುವುದಿಲ್ಲ.

ಆದರೆ ಎರಡು ತೊಡಕು ಉಳಿದವು. ಒಂದು ನಾನಾಗಲೇ ಹೇಳಿದ ಸಹಿ. ಇನ್ನೊಂದು ಜಾಗ. ಶುರುವಿನಲ್ಲಿ ಸಮಿತಿಗೆ ಸಿಗುತ್ತಿದ್ದುದು ಹಾಳಾದ ಕಾಡು ಮಾತ್ರ. ಒಳ್ಳೆಯ ಕಾಡು ಇಲಾಖೆಯದು. ಅಡಿಕೆ ತೋಟ ಇದ್ದವರಿಗೆ ಸೊಪ್ಪಿನ ಬೆಟ್ಟದ ಹಕ್ಕು ಹಿಂದಿನಿಂದಲೇ ಇತ್ತು. ಅವರ ದರಕು ಅಂದರೆ ಒಣ ತರಗೆಲೆ, ಸೊಪ್ಪು, ಕೊಟ್ಟಿಗೆ ಗೊಬ್ಬರ ಎಲ್ಲ ಅಲ್ಲಿಂದ. ತೋಟ ಇಲ್ಲದವರಿಗೆ ಉಳಿದಿದ್ದು ಊರ ಬದಿಯ ಹಾಳು ಗುಡ್ಡ. ಈಗ ಅದಕ್ಕೇ ಅಗಳ ಬಿತ್ತು. ಅಂದರೆ ಕಾಡು ಬೆಳೆಸುವ ಕಷ್ಟ ಬಂದು ಕೂತಿದ್ದು ಎರಡು ಆಡು, ಒಂದು ಎಮ್ಮೆ ಇದ್ದ ಮನೆಯ ಮೇಲೆ. ಸಭೆಯಲ್ಲಿ ಕೈ ಎತ್ತಿದವರಲ್ಲಿ ಆ ಮನೆಯವರು ಕಡಿಮೆ. ಅವರು ಆ ಹೊತ್ತಿನಲ್ಲಿ ಕೂಲಿಗೆ ಹೋಗಿರುತ್ತಿದ್ದರು.

ಯಾಕೆ ಎಲ್ಲ ಕಡೆ ಅಕೇಶಿಯಾ ಬಂತು ಅಂತ ನೀವು ಕೇಳಬಹುದು. ಇಲಾಖೆಗೆ ಅದರ ಮೇಲೆ ಪ್ರೀತಿ, ಅದು ಬೇಗ ಬೆಳೆಯುತ್ತದೆ ಎಂಬ ಉತ್ತರ ಸಾಮಾನ್ಯ. ಅದರ ಹಿಂದೆ ಕ್ಯಾಲೆಂಡರಿನ ಒಂದು ಜಗಳ ಇದೆ. ಅಕೇಶಿಯಾ ಬೀಜವನ್ನು ಡಬ್ಬದಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಹಣ ಯಾವಾಗ ಬಂದರೂ ಬಿತ್ತಬಹುದು. ನಮ್ಮ ರಾಮಪತ್ರೆ, ಉಪ್ಪಾಗೆಯಂಥ ಮರಗಳ ಬೀಜ ಹಾಗಲ್ಲ. ಹಣ್ಣು ಬಿದ್ದಾಗಲೇ ಆರಿಸಬೇಕು, ಒಣಗುವ ಮೊದಲೇ ಪಾತಿಗೆ ಹಾಕಬೇಕು. ಸಸಿ ನಿಧಾನವಾಗಿ ಏಳುತ್ತದೆ. ನೆರಳು ಬೇಕು. ಎರಡು ವರ್ಷ ನರ್ಸರಿಯಲ್ಲೇ ಸಾಕಬೇಕಾದೀತು. ಯೋಜನೆಯ ಹಣಕ್ಕೆ ಮಾರ್ಚ್ 31ರ ಗಡುವು. ಮಳೆಗಾಲಕ್ಕೆ ಅದು ಗೊತ್ತಿಲ್ಲ. ಇಷ್ಟು ಹೆಕ್ಟೇರ್ ನೆಟ್ಟಾಯಿತು ಅಂತ ವರದಿ ಬರೆಯಲೇಬೇಕಾದ ಅಧಿಕಾರಿ ಡಬ್ಬದಲ್ಲಿರುವ ಬೀಜಕ್ಕೇ ಕೈ ಹಾಕುತ್ತಾರೆ. ಅಕೇಶಿಯಾ ಸೊಪ್ಪನ್ನು ದನ ತಿನ್ನುವುದಿಲ್ಲ, ಅದರ ದರಕು ಬೇಗ ಕೊಳೆಯುವುದಿಲ್ಲ. ಇದು ಊರಿನ ಪ್ರತಿ ಮನೆಗೂ ಗೊತ್ತಿತ್ತು.

ಹೊರದೇಶ ಬರೀ ನೆರವಿನ ರೂಪದಲ್ಲಿ ಬರುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದೇ 1990ರ ದಶಕದಲ್ಲಿ ಉಪ್ಪಾಗೆ ಸಿಪ್ಪೆಗೆ ಇದ್ದಕ್ಕಿದ್ದಂತೆ ಬೆಲೆ ಏರಿತು. ಮೈ ತೂಕ ಇಳಿಸುವ ಮಾತ್ರೆಗೆ ಅದರ ಸಾರ ಬೇಕು ಅಂತ ಹೊರದೇಶಗಳಿಂದ ಬೇಡಿಕೆ ಬಂತು. ಬೇರೆಯವರು ಕೊಯ್ಯುವ ಮೊದಲು ನಾವು ಕೊಯ್ಯಬೇಕು ಅಂತ ಕಾಯಿ ಹಣ್ಣಾಗುವ ಮೊದಲೇ ಕೊಂಬೆ ಕಡಿದರು. ಮಳೆಗಾಲದಲ್ಲಿ ಅದನ್ನು ಒಣಗಿಸಲು ಸೌದೆ ಉರಿಸಿದರು. ಒಂದು ಕಡೆ ಕಾಡು ಬೆಳೆಸಲು ಹಣ, ಇನ್ನೊಂದು ಕಡೆ ಅದೇ ಕಾಡಿನ ಕೊಂಬೆ ಕಡಿಯಲು ಬೇಡಿಕೆ. ಎರಡೂ ಸಮುದ್ರದಾಚೆಯಿಂದ.

ಇನ್ನೊಂದು ವಿಷಯ ಬೇಗ ಹೇಳಿ ಮುಂದೆ ಹೋಗುತ್ತೇನೆ. ನೆರವು ಅಂದ ತಕ್ಷಣ ದಾನ ಅಂದುಕೊಳ್ಳಬೇಡಿ. ಬ್ರಿಟನ್ ಕೊಟ್ಟಿದ್ದು ಅನುದಾನ. ಜಪಾನ್ 2005ರಲ್ಲಿ ಕರ್ನಾಟಕದ ಅರಣ್ಯ ಯೋಜನೆಗೆ ಕೊಟ್ಟ 1500 ಕೋಟಿಗೂ ಜಾಸ್ತಿ ಯೆನ್ ಸಾಲ. ಬಡ್ಡಿ ಕಡಿಮೆ, ಅವಧಿ ಉದ್ದ, ಆದರೂ ಸಾಲವೇ. ತೀರಿಸುವವರು ನಿಮ್ಮ ವಯಸ್ಸಿನವರು. ಹಾಗಾಗಿ ಆ ನೆಡುತೋಪಿನಲ್ಲಿ ಏನು ಉಳಿದಿದೆ ಅಂತ ಹೋಗಿ ನೋಡುವ ಹಕ್ಕು ನಿಮಗೆ ಇದ್ದೇ ಇದೆ.

ಈಗ ನೇಪಾಳಕ್ಕೆ ಹೋಗೋಣ. ಇವತ್ತು ನಾನು ಬಂದಿದ್ದೇ ಈ ಕಥೆ ಹೇಳಲು.

ನೇಪಾಳ 1957ರಲ್ಲಿ ಕಾಡನ್ನೆಲ್ಲ ಸರ್ಕಾರದ್ದು ಅಂತ ಕಾನೂನು ಮಾಡಿತು. ಅದುವರೆಗೆ ಊರಿನ ಗುಡ್ಡದ ಕಾಡನ್ನು ಊರೇ ಕಾಯುತ್ತಿತ್ತು. ಕಾವಲುಗಾರನಿಗೆ ಮನೆ ಮನೆಯಿಂದ ಧಾನ್ಯ ಅಳೆದು ಕೊಡುತ್ತಿದ್ದರು. ಮಾನಾ, ಪಾಥಿ ಅಂತ ಅವರ ಅಳತೆ, ನಮ್ಮ ಸೇರು ಕೊಳಗದ ಹಾಗೆ. ಕಾಡು ಸರ್ಕಾರದ್ದು ಅಂದಮೇಲೆ ಎಷ್ಟೋ ಕಡೆ ಆ ಕಾವಲು ಸಡಿಲವಾಯಿತು. ಸರ್ಕಾರದ ಗಾರ್ಡು ಗುಡ್ಡ ಹತ್ತಿ ಬರಲಿಲ್ಲ. 1978ರಲ್ಲಿ ವಿಶ್ವ ಬ್ಯಾಂಕಿನ ಒಂದು ವರದಿ, ಹೀಗೇ ಹೋದರೆ 15 ವರ್ಷದಲ್ಲಿ ಬೆಟ್ಟಸೀಮೆಯ ಕೈಗೆಟುಕುವ ಕಾಡೆಲ್ಲ ಮುಗಿಯುತ್ತದೆ ಎಂದಿತು.

ನೆರವಿನ ಸಂಸ್ಥೆಗಳು ಸಾಲುಗಟ್ಟಿದವು. ಆಸ್ಟ್ರೇಲಿಯಾದವರು ಕಾಠ್ಮಂಡು ಪೂರ್ವದ ಸಿಂಧುಪಾಲ್ಚೋಕ್, ಕಾಭ್ರೆ ಜಿಲ್ಲೆಗಳಲ್ಲಿ. ಸ್ವಿಸ್ ಜನ ದೋಲಖಾದಲ್ಲಿ. ಬ್ರಿಟನ್ ಕೋಶಿ ಬೆಟ್ಟಗಳಲ್ಲಿ. ಅವರೂ ಮೊದಲು ಮಾಡಿದ್ದು ನಮ್ಮಲ್ಲಿ ಮಾಡಿದ್ದನ್ನೇ. ನರ್ಸರಿ, ಬೇಲಿ, ಪೈನ್ ಸಸಿ. ಬೋಳು ಗುಡ್ಡದಲ್ಲಿ ಬದುಕುವುದು ಅದೇ.

ಆದರೆ ಅಲ್ಲಿ ಒಂದು ಒಳ್ಳೆಯದಾಯಿತು. ಕೆಲವು ನೇಪಾಳಿ ಅರಣ್ಯಾಧಿಕಾರಿಗಳು ಮತ್ತು ಹೊರಗಿನಿಂದ ಬಂದವರು ಹಳ್ಳಿಯಲ್ಲಿ ವರ್ಷಗಟ್ಟಲೆ ಇದ್ದರು. ಇದ್ದು ನೋಡಿದಾಗ ಕಾವಲಿನ ಆ ಹಳೆಯ ಪದ್ಧತಿ ಪೂರ್ತಿ ಸತ್ತಿಲ್ಲ ಅಂತ ಕಂಡಿತು. ಎಷ್ಟೋ ಊರುಗಳಲ್ಲಿ ಯಾರೂ ಹೇಳದೆ ಕಾವಲುಗಾರ ಇದ್ದ, ಧಾನ್ಯ ಅಳೆಯುತ್ತಿದ್ದರು, ಯಾವ ತಿಂಗಳು ಸೊಪ್ಪು, ಯಾವ ತಿಂಗಳು ಹುಲ್ಲು ಎಂಬ ಕಟ್ಟು ಇತ್ತು. ಅಲ್ಲಿ ಸಸಿ ನೆಡುವ ಅಗತ್ಯವೇ ಇರಲಿಲ್ಲ. ಬಿಟ್ಟರೆ ಕಾಡು ತಾನೇ ಚಿಗುರುತ್ತದೆ. ಬೇಕಾಗಿದ್ದು ಆ ಕಟ್ಟಿಗೆ ಕಾನೂನಿನ ಬಲ. ನೆರವಿನ ಹಣ ನಿಧಾನವಾಗಿ ಸಸಿಯಿಂದ ಸಭೆಯ ಕಡೆ ತಿರುಗಿತು. ಗಡಿ ಗುರುತಿಸುವುದು, ನಿಯಮ ಬರೆಯುವುದು, ಲೆಕ್ಕ ಇಡಲು ಕಲಿಸುವುದು, ಫಾರೆಸ್ಟರ್‌ಗಳಿಗೆ ಕೇಳಿಸಿಕೊಳ್ಳಲು ಕಲಿಸುವುದು.

1993ರಲ್ಲಿ ಹೊಸ ಅರಣ್ಯ ಕಾನೂನು ಬಂತು. ಭೂಮಿ ಸರ್ಕಾರದ್ದೇ. ಕಾಡಿನ ಬಳಕೆ, ಕಾವಲು, ಮಾರಾಟ ಊರಿನ ಬಳಕೆದಾರರ ಗುಂಪಿನದು. ಆ ಗುಂಪು ಕಾನೂನಿನ ಕಣ್ಣಿನಲ್ಲಿ ಸ್ವತಂತ್ರ ಸಂಸ್ಥೆ. ತನ್ನ ಹೆಸರಿನಲ್ಲಿ ಆಸ್ತಿ ಇಟ್ಟುಕೊಳ್ಳಬಹುದು, ಕೋರ್ಟಿಗೆ ಹೋಗಬಹುದು, ಸೌದೆ ಮರಮಟ್ಟಿನ ಬೆಲೆ ತಾನೇ ಕಟ್ಟಬಹುದು. ಸರ್ಕಾರದ ಅರಣ್ಯಾಧಿಕಾರಿ ಅವರ ಕಾರ್ಯಯೋಜನೆಗೆ ಒಪ್ಪಿಗೆ ಕೊಡುತ್ತಾರೆ, ತಪ್ಪಿದರೆ ಕೇಳುತ್ತಾರೆ. ಆದರೆ ಪಾಸ್‌ಬುಕ್ಕಿನಲ್ಲಿ ಅವರ ಸಹಿ ಇಲ್ಲ.

ನಾನು ಕಾಭ್ರೆ ಜಿಲ್ಲೆಗೆ ಒಮ್ಮೆ ಹೋಗಿದ್ದೆ. ಒಂದೂರಿನ ಗುಂಪಿನ ಖಜಾಂಚಿ ಒಬ್ಬ ಹೆಣ್ಣುಮಗಳು, ವಯಸ್ಸು ಮೂವತ್ತರ ಆಸುಪಾಸು. ಮನೆಯೊಳಗಿನಿಂದ ಒಂದು ತಗಡಿನ ಪೆಟ್ಟಿಗೆ ತಂದು ಲೆಕ್ಕದ ಪುಸ್ತಕ ಬಿಚ್ಚಿದಳು. ಇಷ್ಟು ಹೊರೆ ಸೌದೆ, ಇಷ್ಟು ದಂಡ, ಶಾಲೆಯ ಮಾಡಿಗೆ ಇಷ್ಟು. ಅವಳ ಸಹಿ, ಅಧ್ಯಕ್ಷರ ಸಹಿ. ಮೂರನೆಯ ಸಹಿ ಯಾರದೂ ಇಲ್ಲ. ನನಗೆ ನಮ್ಮ ಕಡೆಯ ಆ ಕುಸಿದ ಅಗಳ ನೆನಪಾಯಿತು. ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಈ ವ್ಯವಸ್ಥೆಗೆ ಬಂದ ದೊಡ್ಡ ಪರೀಕ್ಷೆ ಹಣದ್ದಲ್ಲ, ಯುದ್ಧದ್ದು. 1996ರಿಂದ 2006ರವರೆಗೆ ನೇಪಾಳದಲ್ಲಿ ಮಾವೋವಾದಿಗಳ ಬಂಡಾಯ. ಅರಣ್ಯ ಕಚೇರಿಗಳು ಹಳ್ಳಿ ಬಿಟ್ಟು ಹಿಂದೆ ಸರಿದವು. ನೆರವಿನ ಯೋಜನೆಗಳೂ ಎಷ್ಟೋ ಕಡೆ ಕೈಕಟ್ಟಿ ಕೂರಬೇಕಾಯಿತು. ಆದರೂ ಬಹಳಷ್ಟು ಊರುಗಳಲ್ಲಿ ಕಾಡಿನ ಸಭೆ ನಿಲ್ಲಲಿಲ್ಲ. 1995ರಲ್ಲೇ ಈ ಗುಂಪುಗಳೆಲ್ಲ ಸೇರಿ ಫೆಕೋಫನ್ ಎಂಬ ತಮ್ಮದೇ ಒಕ್ಕೂಟ ಕಟ್ಟಿಕೊಂಡಿದ್ದವು. ಸರ್ಕಾರ ಅಧಿಕಾರ ಹಿಂದಕ್ಕೆ ಎಳೆಯಲು ನೋಡಿದಾಗಲೆಲ್ಲ ಅದು ಬೀದಿಗಿಳಿಯಿತು. ಇವತ್ತು ನೇಪಾಳದಲ್ಲಿ ಇಂಥ 22,000ಕ್ಕೂ ಜಾಸ್ತಿ ಗುಂಪುಗಳಿವೆ. ಉಪಗ್ರಹದ ಚಿತ್ರ ಇಟ್ಟುಕೊಂಡು ಮಾಡಿದ ಲೆಕ್ಕದ ಪ್ರಕಾರ 1992ರಲ್ಲಿ ದೇಶದ ಶೇಕಡ 26ರಷ್ಟು ಇದ್ದ ಕಾಡು 2016ಕ್ಕೆ ಶೇಕಡ 45 ಆಗಿದೆ. ಮುಗಿದೇ ಹೋಗುತ್ತದೆ ಎಂದಿದ್ದ ಬೆಟ್ಟಗಳಲ್ಲೇ ಹಸಿರು ಮರಳಿತು.

ಎಲ್ಲವೂ ಸಭೆಗಳಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಹುಡುಗರು ದುಬೈ, ಕತಾರ್, ಮಲೇಷ್ಯಾಕ್ಕೆ ದುಡಿಯಲು ಹೋದರು. ಗದ್ದೆಗಳು ಬೀಡು ಬಿದ್ದವು, ದನ ಕಡಿಮೆಯಾದವು, ಕಾಡು ಕೆಳಗಿಳಿದು ಬಂತು. ನಮ್ಮ ಮಲೆನಾಡಿಗೂ ಇದು ಹೊಸ ಕಥೆ ಅಲ್ಲ. ಈಗ ಅಲ್ಲಿ ಬೇಸಿಗೆಯ ಬೆಂಕಿ ಆರಿಸಲು ಜನ ಇಲ್ಲ. ಮಂಗನ ಕಾಟ ಜಾಸ್ತಿಯಾಗಿದೆ.

ಅಲ್ಲಿ ಆದ ಅನ್ಯಾಯವನ್ನೂ ಹೇಳಲೇಬೇಕು. ನೇಪಾಳದ ಬೆಟ್ಟಗಳಲ್ಲಿ ಕಾಮಿ ಎಂಬ ಸಮುದಾಯ ಇದೆ. ಕಮ್ಮಾರಿಕೆ ಅವರ ಕಸುಬು. ಜಾತಿಯ ಏಣಿಯಲ್ಲಿ ಅವರನ್ನು ಕೆಳಗೆ ತಳ್ಳಿದ್ದಾರೆ. ಕುಲುಮೆಗೆ ಇದ್ದಿಲು ಬೇಕು. ಇದ್ದಿಲಿಗೆ ಕಟ್ಟಿಗೆ ಬೇಕು. ಊರಿನ ಗುಂಪು ಸಭೆ ಸೇರಿ ಕಾಡಿನಲ್ಲಿ ಇದ್ದಿಲು ಸುಡಬಾರದು ಅಂತ ನಿಯಮ ಬರೆದಾಗ ಕುಲುಮೆಗಳು ತಣ್ಣಗಾದವು. ಸಹಿ ಊರಿನದೇ ಆಗಿತ್ತು. ಆದರೆ ಊರು ಅಂದರೆ ಯಾರು? ನಮ್ಮಲ್ಲಿ ಆಡು ಸಾಕಿದ ಮನೆಗೆ ಆಗಿದ್ದೇ ಅಲ್ಲಿ ಕುಲುಮೆಯ ಮನೆಗೆ ಆಯಿತು. ಸೌದೆಗೆ ಹೋಗುವ ಹೆಂಗಸರೂ ಕಾಡು ಮುಚ್ಚಿದ ಮೊದಲ ವರ್ಷಗಳಲ್ಲಿ ಇನ್ನೂ ದೂರ ನಡೆದರು. ಇದನ್ನು ಎತ್ತಿ ತೋರಿಸಿದವರು ಅಲ್ಲಿನ ದಲಿತ ಸಂಘಟನೆಗಳು, ಮಹಿಳೆಯರು, ಸಂಶೋಧಕರು. ನೆರವಿನ ಸಂಸ್ಥೆಗಳೂ ಈ ವಿಷಯದಲ್ಲಿ ಒತ್ತಡ ಹಾಕಿದವು. ಆಮೇಲೆ ಗುಂಪಿನ ಆದಾಯದಲ್ಲಿ ಶೇಕಡ 35ರಷ್ಟನ್ನು ಬಡವರಿಗಾಗಿಯೇ ಖರ್ಚು ಮಾಡಬೇಕು, ಸಮಿತಿಯಲ್ಲಿ ಅರ್ಧ ಜನ ಮಹಿಳೆಯರಿರಬೇಕು ಎಂಬ ಮಾರ್ಗಸೂಚಿ ಬಂತು. ಎಲ್ಲ ಕಡೆ ಪಾಲಿಸುತ್ತಾರೆ ಅಂತಲ್ಲ. ಆದರೆ ಕೇಳಲು ಒಂದು ಕಾಗದ ಕೈಯಲ್ಲಿದೆ.

ಬ್ರೆಜಿಲ್ ಬಗ್ಗೆ ನಾಲ್ಕೇ ಮಾತು. 2004ರಲ್ಲಿ ಅಲ್ಲಿನ ಅಮೆಜಾನ್‌ನಲ್ಲಿ ಒಂದೇ ವರ್ಷ 27,000 ಚದರ ಕಿಲೋಮೀಟರಿಗೂ ಜಾಸ್ತಿ ಕಾಡು ಕಡಿದರು. 2012ಕ್ಕೆ ಅದು 5,000ಕ್ಕಿಂತ ಕೆಳಗಿಳಿಯಿತು. 2008ರಲ್ಲಿ ಅಮೆಜಾನ್ ನಿಧಿ ಹುಟ್ಟಿತು. ನಾರ್ವೆ 100 ಕೋಟಿ ಡಾಲರ್ ಕೊಡಲು ಮುಂದೆ ಬಂತು. ಕಡಿಯುವುದು ಇಳಿದರೆ ಮಾತ್ರ ಹಣ ಎಂಬುದು ಕರಾರು. ಒಳ್ಳೆಯ ಕರಾರು. ಆದರೆ ಕಡಿತ ಇಳಿಯಲು ಶುರುವಾಗಿದ್ದು ನಿಧಿ ಬರುವ ಮೊದಲೇ. ಬ್ರೆಜಿಲ್ ತನ್ನದೇ ಉಪಗ್ರಹದ ಕಣ್ಣಿಟ್ಟು, ಪೊಲೀಸರನ್ನು ಕಳಿಸಿ, ಮೂಲನಿವಾಸಿಗಳ ಭೂಮಿಯ ಗಡಿ ಗುರುತಿಸಿತ್ತು. 2019ರಲ್ಲಿ ಅಲ್ಲಿ ಸರ್ಕಾರ ಬದಲಾಗಿ ನಿಧಿಯ ಸಮಿತಿಗಳನ್ನು ರದ್ದು ಮಾಡಿತು, ಹಣ ನಿಂತಿತು. 2023ರಲ್ಲಿ ಮತ್ತೆ ಶುರುವಾಯಿತು. ದೇಶಕ್ಕೆ ಮನಸ್ಸಿದ್ದಾಗ ಹೊರಗಿನ ಹಣ ಆಸರೆಯಾಗುತ್ತದೆ. ಮನಸ್ಸಿಲ್ಲದಾಗ ಬ್ಯಾಂಕಿನಲ್ಲಿ ಕೂತಿರುತ್ತದೆ.

2021ರಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ನೂರಕ್ಕೂ ಜಾಸ್ತಿ ದೇಶಗಳು 2030ರೊಳಗೆ ಕಾಡಿನ ನಾಶ ನಿಲ್ಲಿಸುತ್ತೇವೆ ಅಂತ ಸಹಿ ಹಾಕಿದವು. ಭಾರತ ಹಾಕಲಿಲ್ಲ. ಕಾಡಿನ ಜನರಿಗೆಂದೇ 170 ಕೋಟಿ ಡಾಲರ್ ಕೊಡುವ ಮಾತೂ ಅಲ್ಲಿ ಬಂತು. 2025ರಲ್ಲಿ ಬ್ರೆಜಿಲ್‌ನ ಬೆಲೆಮ್‌ನಲ್ಲಿ ಕಾಡು ಉಳಿಸಲು ಇನ್ನೊಂದು ದೊಡ್ಡ ನಿಧಿ ಶುರುವಾಯಿತು. ಅದರ ಹಣದಲ್ಲಿ ಕನಿಷ್ಠ ಶೇಕಡ 20 ಸ್ಥಳೀಯ ಜನರಿಗೆ ಅಂತ ಬರೆದಿದ್ದಾರೆ. ಬರೆದಿದ್ದು ಒಳ್ಳೆಯದು. ಆ ಶೇಕಡ 20 ಯಾರ ಖಾತೆಗೆ ಬೀಳುತ್ತದೆ ಎಂಬುದನ್ನು ನೋಡಲು ನಾನು ಕಾಯುತ್ತಿದ್ದೇನೆ.

ಇಷ್ಟು ಹೇಳಿ ನಾನು ಮಾತು ನಿಲ್ಲಿಸಿದೆ. ಆಮೇಲೆ ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿ ಕೇಳಿದ. "ಸರ್, ಹಾಗಾದರೆ ಹೊರಗಿನ ಹಣ ಬೇಡವೇ ಬೇಡ ಅಂತೀರಾ?"

ಇಲ್ಲ. ಬೇಕು. ಕಾಡು ಉಳಿಸುವ ಲಾಭ ಇಡೀ ಜಗತ್ತಿಗೆ, ಕಷ್ಟ ಮಾತ್ರ ಗುಡ್ಡದ ಕೆಳಗಿನ ಮನೆಗೆ. ಹಾಗಾಗಿ ಜಗತ್ತು ಕೊಡಬೇಕು. ಉಪಕಾರ ಅಂತ ಅಲ್ಲ, ಬಾಕಿ ಅಂತ. ಆದರೆ ಹಕ್ಕು ಮೊದಲು ಬರಲಿ, ಹಣ ಆಮೇಲೆ ಬರಲಿ. ಕುಮಟಾದ ಹಳಕಾರಿಗೆ ಹೋಗಿ ನೋಡು. 1920ರ ದಶಕದಲ್ಲಿ, ಬ್ರಿಟಿಷರ ಕಾಲದಲ್ಲೇ ಅಲ್ಲಿ ಗ್ರಾಮ ಅರಣ್ಯ ಪಂಚಾಯತಿ ಆಯಿತು. ಅಧಿಕಾರ ಊರಿನ ಕೈಗೆ ಬಂತು. ಪಟ್ಟಣದ ಮಗ್ಗುಲಲ್ಲೇ ಆ ಕಾಡು ಇನ್ನೂ ನಿಂತಿದೆ. ಊರೇ ಕಾವಲಿಟ್ಟುಕೊಂಡು ಬಂದಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಅರಣ್ಯ ಹಕ್ಕು ಕಾಯಿದೆಯಡಿ ಸಮುದಾಯದ ಹಕ್ಕುಪತ್ರ ಸಿಕ್ಕಿತು. ಅಂಥ ಕಡೆ ಹೊರಗಿನ ಹಣ ಬಂದರೆ ಅದನ್ನು ಯಾವುದಕ್ಕೆ ಹಾಕಬೇಕು ಅಂತ ಹೇಳಲು ಜನ ಇದ್ದಾರೆ.

ಇನ್ನೊಬ್ಬ ಹುಡುಗಿ ಕೇಳಿದಳು. "ನಮ್ಮೂರಿಗೆ ಕಾರ್ಬನ್ ಹಣ ಕೊಡುತ್ತೇವೆ ಅಂತ ಯಾರೋ ಬಂದಿದ್ದರು. ಸಹಿ ಹಾಕಬಹುದಾ?"

ಮರಗಳು ಗಾಳಿಯ ಇಂಗಾಲ ಹಿಡಿದಿಟ್ಟುಕೊಳ್ಳುವುದಕ್ಕೆ ಹೊರಗಿನವರು ಕೊಡುವ ಹಣ ಅದು. ಕರಾರು ಪತ್ರ ಕನ್ನಡದಲ್ಲಿ ಇದೆಯಾ ಅಂತ ಕೇಳಿದೆ. ಇಲ್ಲ ಎಂದಳು. ಹಾಗಾದರೆ ಕನ್ನಡದಲ್ಲಿ ಕೊಡಿ ಅಂತ ಕೇಳು, ಊರ ಸಭೆಯಲ್ಲಿ ಗಟ್ಟಿಯಾಗಿ ಓದಿಸು, ಕೂಲಿಗೆ ಹೋದವರು ಮರಳಿದ ಮೇಲೆ ಸಂಜೆ ಓದಿಸು ಎಂದೆ. ಎಷ್ಟು ವರ್ಷ ಮರ ಕಡಿಯಬಾರದು, ಬೆಂಕಿ ಬಿದ್ದರೆ ನಷ್ಟ ಯಾರದು, ಸೌದೆ ಸೊಪ್ಪಿಗೆ ಏನು ದಾರಿ. ಈ ಮೂರಕ್ಕೆ ಉತ್ತರ ಬರೆದು ಕೊಡುವವರೆಗೆ ಪೆನ್ನು ಕೆಳಗಿಡು ಎಂದೆ.

ಎಲ್ಲ ಮುಗಿದು ಚಹಾ ಕುಡಿಯುತ್ತಿದ್ದಾಗ ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಹತ್ತಿರ ಬಂದರು. ಮೊಮ್ಮಗಳನ್ನು ಕರೆದುಕೊಂಡು ಹೋಗಲು ಬಂದವರು, ಹಾಗೇ ಕೂತು ಕೇಳಿದ್ದರು. ಅಂಗಿಯ ಜೇಬಿನಿಂದ ಕನ್ನಡಕ ತೆಗೆದು ಒರೆಸುತ್ತ ಹೇಳಿದರು.

"ಸರ, ನಮ್ಮೂರ ಸಮಿತಿ ಪಾಸ್‌ಬುಕ್ಕು ನಮ್ಮನೇಲೇ ಇದೆ. ಆಗ ನಾನು ಸದಸ್ಯ. ಅಧ್ಯಕ್ಷರು ತೀರಿಕೊಂಡರು. ಕಾರ್ಯದರ್ಶಿ ಆಗಿದ್ದವರು ಎಲ್ಲಿದ್ದಾರೋ. ಹಣ ಇನ್ನೂ ಉಂಟು ಅಂತ ಕಾಣ್ತದೆ. ಅದು ಹೋದ ಹಾಗೇ ಅಲ್ದಾ?"

ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ. ಆದರೆ ಖಾತೆಯವರು ಕೇಳಿದರೆ ಬ್ಯಾಂಕು ವಾಪಸ್ ಕೊಡಬೇಕು. ಅದಕ್ಕೆ ಸಮಿತಿ ಇದೆ ಅಂತ ತೋರಿಸಬೇಕು. ಸಭೆ ಕರೆದು ಹೊಸ ಅಧ್ಯಕ್ಷರನ್ನು ಆರಿಸಬೇಕು, ಠರಾವು ಬರೆಯಬೇಕು. ಇಷ್ಟನ್ನೂ ಅವರಿಗೆ ಹೇಳಿದೆ. ಊರಲ್ಲಿ ಹುಡುಗರೇ ಇಲ್ಲವಲ್ಲ ಎಂದರು. ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳು, "ಅಜ್ಜ, ಹುಡುಗಿಯರಿದ್ದೇವಲ್ಲ" ಎಂದಳು.

ಮುಂದಿನ ಭಾನುವಾರ ಅವರೂರಿನ ಶಾಲೆಯಲ್ಲಿ ಸಭೆ ಇದೆ. ಸಂಜೆ ಆರಕ್ಕೆ. ನಾನೂ ಹೋಗುತ್ತಿದ್ದೇನೆ.